ಮರೆಯ ರಾಜಧಾನಿಯ ಅರಸು ಶಿವಪ್ಪನಾಯಕ

ಪಶ್ಚಿಮ ಘಟ್ಟಗಳ ಮಡಿಲಿನಲ್ಲಿ ಹಬ್ಬಿರುವ ಮಲೆನಾಡು ಕನ್ನಡ ನಾಡಿನ ರಮಣೀಯವಾದ ಭಾಗಗಳಲ್ಲಿ ಒಂದು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಈ ಮಲೆನಾಡಿನ ಹೃದಯದಂತಿವೆ. ಇಲ್ಲಿ ಸಂಚರಿಸುವವರಿಗೆ ಒಂದು ವಿಶೇಷ ಬೇಗನೆ ಗಮನಕ್ಕೆ ಬರುತ್ತದೆ. ಬಯಲುಸೀಮೆಯಲ್ಲಿ ಚಿತ್ರದುರ್ಗದ ಬೆಟ್ಟವೋ ಮಧುಗಿರಿಯ ಬೆಟ್ಟವೋ ಹರಿದಾರಿಗಳಾಚೆಯಿಂದಲೇ ಕಣ್ಣಿಗೆ ಬೀಳುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಕೋಟೆಯ ಬಾಗಿಲಿಗೆ ಬಂದು ನಿಲ್ಲುವವರೆಗೂ ಕೋಟೆಯಿದೆಯೆಂಬ ಅರಿವೇ ಆಗುವುದಿಲ್ಲ. ಮರದ ಹಿಂದೆ ಮರ, ಗುಡ್ಡದ ಹಿಂದೆ ಗುಡ್ಡ ನಿಂತು, ಮನುಷ್ಯನು ಕಟ್ಟಿದ್ದನ್ನೆಲ್ಲ ಮರೆಮಾಡಿಬಿಡುತ್ತವೆ.

ಈ ಮರೆಯನ್ನೇ ರಾಜ್ಯದ ಬಲವನ್ನಾಗಿ ಮಾಡಿಕೊಂಡು, ಕಾಡಿನ ನಡುವೆ ಒಂದು ಮಹಾನಗರವನ್ನು ಬೆಳೆಸಿದ ಅರಸನೊಬ್ಬನು ಹದಿನೇಳನೆಯ ಶತಮಾನದಲ್ಲಿ ಈ ನಾಡನ್ನಾಳಿದನು. ಅವನೇ ಕೆಳದಿಯ ಶಿವಪ್ಪನಾಯಕ. ತನ್ನ ರಾಜಧಾನಿಯನ್ನು ಶತ್ರುಗಳ ಕಣ್ಣಿನಿಂದ ಮರೆಮಾಡಿದ ಆತನು, ತನ್ನ ಆಡಳಿತದ ಲೆಕ್ಕವನ್ನು ಮಾತ್ರ ಪ್ರಜೆಗಳ ಕಣ್ಣೆದುರಿಗೆ ತೆರೆದಿಟ್ಟನು. ಯಾವುದನ್ನು ಮರೆಮಾಡಬೇಕು, ಯಾವುದನ್ನು ಮರೆಮಾಡಬಾರದು ಎಂಬ ಈ ವಿವೇಕವೇ ಅವನ ಹಿರಿಮೆ.

ಕೆಳದಿಯು ಸಾಗರದ ಸಮೀಪದ ಒಂದು ಗ್ರಾಮ. ಸುಮಾರು 1500ರ ವೇಳೆಗೆ ಚೌಡಪ್ಪನೆಂಬ ಸಾಹಸಿಯು ವಿಜಯನಗರದ ಅರಸರ ಮನ್ನಣೆಯನ್ನು ಪಡೆದು ಇಲ್ಲಿ ನಾಯಕತನವನ್ನು ಸ್ಥಾಪಿಸಿದನು. ಅವನ ಮಗನಾದ ಸದಾಶಿವನಾಯಕನು ವಿಜಯನಗರದ ಪರವಾಗಿ ಅನೇಕ ಯುದ್ಧಗಳಲ್ಲಿ ಹೋರಾಡಿ ಕೀರ್ತಿಯನ್ನು ಗಳಿಸಿದನು. ರಾಜ್ಯವು ಬೆಳೆದಂತೆ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೆ ಬದಲಾಯಿತು. ಇಕ್ಕೇರಿಯೂ ಸಾಗರಕ್ಕೆ ಹತ್ತಿರದ ಊರೇ. ಅಲ್ಲಿನ ಅಘೋರೇಶ್ವರ ದೇವಾಲಯವು ಇಂದಿಗೂ ಕೆಳದಿಯ ಅರಸರ ವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ. 1565ರ ಯುದ್ಧದ ಬಳಿಕ ವಿಜಯನಗರದ ಪ್ರಭುತ್ವವು ಕುಗ್ಗಿದಾಗ ಕೆಳದಿಯ ನಾಯಕರು ಕ್ರಮೇಣ ಸ್ವತಂತ್ರರಾದರು. ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ ರಾಜ್ಯವು ಘಟ್ಟದ ಮೇಲೂ ಕೆಳಗೂ ವಿಸ್ತಾರವಾಗಿ ಹಬ್ಬಿತು.

ವೆಂಕಟಪ್ಪನಾಯಕನ ಆಳ್ವಿಕೆಯ ಕಾಲದಲ್ಲಿ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ತಾನು ಕಂಡುದನ್ನೆಲ್ಲ ಅವನು ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಇಕ್ಕೇರಿಗೆ ಒಂದರೊಳಗೊಂದರಂತೆ ಮೂರು ಸುತ್ತುಗಳಿದ್ದುವು. ಅವುಗಳಲ್ಲಿ ಹೊರಗಿನ ಸುತ್ತು ಕಲ್ಲಿನ ಗೋಡೆಯಾಗಿರಲಿಲ್ಲ. ಅದು ಒತ್ತೊತ್ತಾಗಿ ಬೆಳೆಸಿದ ಎತ್ತರವಾದ ಬಿದಿರಿನ ಬೇಲಿಯಾಗಿತ್ತು. ಈ ಬೇಲಿಯನ್ನು ಕುದುರೆಗಳಾಗಲಿ ಕಾಲಾಳುಗಳಾಗಲಿ ಭೇದಿಸುವುದು ಕಷ್ಟವೆಂದೂ, ಅದನ್ನು ಕಡಿಯುವುದು ಸುಲಭವಲ್ಲವೆಂದೂ, ಬೆಂಕಿಗೂ ಅದು ಜಗ್ಗುವುದಿಲ್ಲವೆಂದೂ ಅವನು ಗಮನಿಸಿದನು. ಬಿದಿರಿನ ಮೇಲೆ ಹಬ್ಬಿದ ಬಳ್ಳಿಗಳಿಂದ ಅದು ಹಸುರಾಗಿ, ನೆರಳಾಗಿ, ನೋಡುವುದಕ್ಕೆ ಚೆಲುವಾಗಿತ್ತು. ಇದಕ್ಕೆ ಹೋಲಿಸಿದರೆ ಒಳಗಿನ ಗೋಡೆಯು ದುರ್ಬಲವಾಗಿ ಅವನಿಗೆ ತೋರಿತು. ಯೂರೋಪಿನ ಕಲ್ಲಿನ ಕೋಟೆಗಳನ್ನು ಕಂಡಿದ್ದ ಆ ಪ್ರವಾಸಿಗೆ ಈ ಜೀವಂತ ಕೋಟೆಯು ಹೊಸದಾಗಿದ್ದಿರಬೇಕು. ಮಲೆನಾಡಿನವರಿಗೆ ಅದು ತಲತಲಾಂತರದ ತಿಳಿವಳಿಕೆಯಾಗಿತ್ತು.

ಆದರೆ ಇಕ್ಕೇರಿಗೆ ಒಂದು ಕೊರತೆಯಿತ್ತು. ಅದು ಬಯಲಾದ ಸ್ಥಳದಲ್ಲಿತ್ತು. ಊರಿನ ಸುತ್ತ ಬಿದಿರಿನ ಬೇಲಿಯಿದ್ದರೂ, ಆ ಬೇಲಿಯವರೆಗೆ ದೊಡ್ಡ ಸೈನ್ಯವೊಂದು ನಡೆದು ಬರುವುದಕ್ಕೆ ತಕ್ಕ ಹಾದಿಯಿತ್ತು. ವೆಂಕಟಪ್ಪನಾಯಕನ ತರುವಾಯ ಅವನ ಮೊಮ್ಮಗನಾದ ವೀರಭದ್ರನಾಯಕನು 1629ರಲ್ಲಿ ಪಟ್ಟಕ್ಕೆ ಬಂದನು. 1637ರ ವೇಳೆಗೆ ಬಿಜಾಪುರದ ಸೇನಾನಿಯಾದ ರಣದುಲ್ಲಾಖಾನನು ದೊಡ್ಡ ಸೈನ್ಯದೊಡನೆ ದಂಡೆತ್ತಿ ಬಂದನು. ಇಕ್ಕೇರಿಯು ಶತ್ರುಗಳ ವಶವಾಯಿತು. ವೀರಭದ್ರನಾಯಕನು ದಟ್ಟವಾದ ಕಾಡಿನ ನಡುವಣ ಭುವನಗಿರಿ ದುರ್ಗವನ್ನು ಸೇರಿ, ಅಪಾರವಾದ ಹಣವನ್ನು ತೆತ್ತು ಸಂಧಿಯನ್ನು ಮಾಡಿಕೊಳ್ಳಬೇಕಾಯಿತು. ಈ ಭುವನಗಿರಿಯೇ ಇಂದು ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಕವಲೇದುರ್ಗ. ಬಯಲಿನ ರಾಜಧಾನಿಯು ಅರಸನನ್ನು ಕಾಪಾಡಲಿಲ್ಲ, ಕಾಡಿನ ದುರ್ಗವು ಕಾಪಾಡಿತು. ಈ ಅನುಭವವು ಕೆಳದಿಯ ಅರಸರಿಗೆ ದೊಡ್ಡ ಪಾಠವಾಯಿತು.

ಇದಾದ ಸ್ವಲ್ಪ ಕಾಲದಲ್ಲಿಯೇ, 1639ರ ಸುಮಾರಿಗೆ, ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ವರ್ಗಾಯಿಸಲಾಯಿತು. ಆಗ ಬಿದನೂರು ಒಂದು ಚಿಕ್ಕ ಹಳ್ಳಿ. ನೀಲಕಂಠೇಶ್ವರನ ಗುಡಿ, ಅದರ ಸುತ್ತ ಕೆಲವು ಮನೆಗಳು, ಇಷ್ಟೇ ಅಲ್ಲಿದ್ದುದು. ಬಿದಿರಿನ ಹಳ್ಳಿಯೆಂಬುದೇ ಅದರ ಹೆಸರಿನ ಅರ್ಥ. ಈ ಹಳ್ಳಿಯನ್ನು ಮಹಾನಗರವನ್ನಾಗಿ ಬೆಳೆಸಿದ ಕೀರ್ತಿ ಶಿವಪ್ಪನಾಯಕನಿಗೆ ಸಲ್ಲುತ್ತದೆ. ಅವನು ವೀರಭದ್ರನಾಯಕನ ಹತ್ತಿರದ ಬಂಧು, ಸಿದ್ಧಪ್ಪನಾಯಕನ ಮಗ. ವೀರಭದ್ರನಾಯಕನ ಅನಂತರ 1645ರಲ್ಲಿ ಪಟ್ಟವೇರಿ, 1660ರವರೆಗೆ ಹದಿನೈದು ವರ್ಷಗಳ ಕಾಲ ಆಳಿದನು.

ಬಿದನೂರಿನ ಸ್ಥಾನವನ್ನು ನಾವು ಚೆನ್ನಾಗಿ ಅರಿತುಕೊಳ್ಳಬೇಕು. ಇಂದು ನಗರವೆಂದು ಕರೆಯಿಸಿಕೊಳ್ಳುವ ಈ ಊರು ಹೊಸನಗರ ತಾಲ್ಲೂಕಿನಲ್ಲಿ, ಘಟ್ಟದ ಅಂಚಿಗೆ ಸಮೀಪದಲ್ಲಿದೆ. ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಸುರಿಯುವ ಸ್ಥಳಗಳಲ್ಲಿ ಒಂದಾದ ಹುಲಿಕಲ್ಲು ಇಲ್ಲಿಗೆ ದೂರವಲ್ಲ. ಮುಂಗಾರು ಹಿಡಿಯಿತೆಂದರೆ ತಿಂಗಳುಗಟ್ಟಲೆ ಮಳೆ ಬಿಡುವಿಲ್ಲದೆ ಸುರಿಯುತ್ತದೆ. ಹಳ್ಳಕೊಳ್ಳಗಳು ತುಂಬಿ ಹರಿಯುತ್ತವೆ. ಮಂಜು ಮುಸುಕಿದಾಗ ಹತ್ತಾರು ಮಾರು ದೂರದಲ್ಲಿರುವ ಮರವೂ ಕಾಣುವುದಿಲ್ಲ. ಇಂತಹ ಸ್ಥಳದಲ್ಲಿ, ಗುಡ್ಡಗಳು ಸುತ್ತುಗಟ್ಟಿದ ತಗ್ಗಿನಲ್ಲಿ ನಗರವು ಬೆಳೆಯಿತು. ನಡುವಣ ಗುಡ್ಡದ ಮೇಲೆ ಅರಮನೆ, ಅದರ ಸುತ್ತ ಒಳಕೋಟೆ, ಅದರ ಕೆಳಗೆ ಪೇಟೆ ಬೀದಿಗಳು. ಇವೆಲ್ಲವನ್ನೂ ಬಳಸಿಕೊಂಡು ಹಲವು ಮೈಲಿಗಳ ಸುತ್ತಳತೆಯಲ್ಲಿ ಕಾಡು, ಗುಡ್ಡ ಮತ್ತು ಕಾವಲಿಟ್ಟ ಕಣಿವೆಗಳಿದ್ದುವು. 1801ರಲ್ಲಿ ಈ ಪ್ರದೇಶವನ್ನು ಸುತ್ತಿನೋಡಿದ ಬುಕನನ್ ಎಂಬ ಇಂಗ್ಲಿಷ್ ಕಂಪೆನಿಯ ಅಧಿಕಾರಿಯು ಈ ಸಂಗತಿಯನ್ನು ದಾಖಲಿಸಿದ್ದಾನೆ.

ಬಿದನೂರಿನ ರಕ್ಷಣೆಯ ಗುಟ್ಟು ಒಂದೇ ಒಂದು ಎತ್ತರದ ಗೋಡೆಯಲ್ಲಿರಲಿಲ್ಲ. ಗೋಡೆಯು ಎಷ್ಟು ಎತ್ತರವಾಗಿದ್ದರೂ ದೂರದಿಂದ ಕಾಣುತ್ತದೆ. ಕಂಡ ಗೋಡೆಗೆ ಫಿರಂಗಿಯ ಗುರಿಯಿಡಬಹುದು. ಕಾಣದ ಗೋಡೆಗೆ ಗುರಿಯಿಡುವುದು ಹೇಗೆ? ಸುತ್ತಣ ಕಾಡಿನ ನಡುವೆ ಕಿರಿದಾದ ಕಣಿವೆಯ ಹಾದಿಗಳು ಮಾತ್ರವೇ ನಗರಕ್ಕೆ ಬರುತ್ತಿದ್ದುವು. ನೇರವಾದ ಹಾದಿಯಲ್ಲಿ ಕೊನೆಯ ತನಕ ಕಣ್ಣು ಹಾಯುತ್ತದೆ. ತಿರುವುಗಳುಳ್ಳ ಹಾದಿಯಲ್ಲಿ ಮುಂದಿನ ತಿರುವಿನವರೆಗೆ ಮಾತ್ರ ಕಾಣುತ್ತದೆ. ಬಂದವರಿಗೆ ಮುಂದೇನಿದೆಯೆಂಬುದು ತಿಳಿಯದು. ಕಾವಲಿನವರಿಗಾದರೋ ಬಂದವರ ಎಣಿಕೆಯೂ ನಡೆಯೂ ತಿಳಿಯುತ್ತಿತ್ತು.

ಚಿಕ್ಕದೊಂದು ವಸ್ತುವು ತನಗಿಂತ ಬಹಳ ದೊಡ್ಡದನ್ನು ಮರೆಮಾಡುವುದು ಹೇಗೆಂಬುದನ್ನು ಲೆಕ್ಕದಿಂದಲೂ ತಿಳಿಯಬಹುದು. ನಮ್ಮ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆಯೆಂದು ಭಾವಿಸೋಣ. ನಮ್ಮಿಂದ 30 ಅಡಿ ದೂರದಲ್ಲಿ 20 ಅಡಿ ಎತ್ತರದ ಬಿದಿರುಮೆಳೆಯಿದೆ. ಕಣ್ಣಿನಿಂದ ಮೆಳೆಯ ತುದಿಗೆ ಎಳೆದ ದೃಷ್ಟಿರೇಖೆಯು 30 ಅಡಿ ಸಾಗುವಷ್ಟರಲ್ಲಿ 15 ಅಡಿ ಮೇಲೇರುತ್ತದೆ. ಅದೇ ರೇಖೆಯು 100 ಅಡಿ ದೂರವನ್ನು ತಲಪಿದಾಗ 50 ಅಡಿ ಮೇಲೇರಿ, ನೆಲದಿಂದ 55 ಅಡಿ ಎತ್ತರದಲ್ಲಿರುತ್ತದೆ. ಆದುದರಿಂದ ನೂರು ಅಡಿಗಳಾಚೆ 50 ಅಡಿ ಎತ್ತರದ ಕಟ್ಟಡವಿದ್ದರೂ ಅದು ನಮಗೆ ಕಾಣದು. ಆದರೆ ನಾವು ಮೆಳೆಯಿಂದ 200 ಅಡಿ ಹಿಂದಕ್ಕೆ ಸರಿದು ನಿಂತರೆ, ಆ ಕಟ್ಟಡದ ಸ್ಥಾನದಲ್ಲಿ ದೃಷ್ಟಿರೇಖೆಯ ಎತ್ತರವು ಸುಮಾರು 25 ಅಡಿಗೆ ಇಳಿಯುತ್ತದೆ. ಆಗ ಅದರ ಮೇಲಿನ ಅರ್ಧಭಾಗವು ಕಾಣಿಸಿಕೊಳ್ಳುತ್ತದೆ. ಮರೆಯು ಕಟ್ಟಡಕ್ಕೆ ಹತ್ತಿರವಿದ್ದರೆ ಸಾಲದು, ನೋಡುವವನಿಗೆ ಹತ್ತಿರವಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾಡು ಹಾದಿಯ ಎರಡೂ ಅಂಚುಗಳನ್ನು ಒತ್ತಿ ನಿಂತಿದ್ದರೆ ಹಿಂದಕ್ಕೆ ಸರಿದು ನೋಡುವುದಕ್ಕೆ ಬಯಲೆಲ್ಲಿ? ಇಕ್ಕೇರಿಗೆ ದೊರೆಯದಿದ್ದ ಅನುಕೂಲವು ಬಿದನೂರಿಗೆ ದೊರೆತುದು ಹೀಗೆ.

ಕವಲೇದುರ್ಗದಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ಒಂದು ಗುಡ್ಡದ ಮೈಗೆ ಹೊಂದಿಕೊಂಡು, ಒಂದರ ಮೇಲೊಂದರಂತೆ ಮೂರು ಸುತ್ತಿನ ಕೋಟೆಯನ್ನು ಇಲ್ಲಿ ಕಟ್ಟಲಾಗಿದೆ. ಗೋಡೆಯ ಕಲ್ಲೂ ಬೆಟ್ಟದ ಬಂಡೆಯೂ ಒಂದೇ ಬಣ್ಣದವು. ಗೋಡೆಗಳು ಬೆಟ್ಟದ ಏರುತಗ್ಗುಗಳನ್ನು ಅನುಸರಿಸಿ ಸಾಗುತ್ತವೆ. ಕೆಳಗಿನಿಂದ ನೋಡುವವರಿಗೆ ಮರಗಳಿಂದ ತುಂಬಿದ ಗುಡ್ಡವು ಮಾತ್ರ ಕಾಣುತ್ತದೆ. ಮೇಲೇರಿದವರಿಗೆ ಅರಮನೆಯ ಅಡಿಪಾಯ, ದೇವಾಲಯಗಳು, ನೀರಿನ ಕೊಳಗಳು ಕಾಣಸಿಗುತ್ತವೆ. ನಗರದ ಸಮೀಪದಲ್ಲಿರುವ ದೇವಗಂಗೆಯ ಕೊಳಗಳೂ ಹೀಗೆಯೇ ಹಸುರಿನ ನಡುವೆ ಅಡಗಿವೆ. ಗುಡ್ಡದಿಂದ ಇಳಿಯುವ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುವಂತೆ ಅವುಗಳನ್ನು ಕಲ್ಲಿನಿಂದ ಕಟ್ಟಿದ್ದಾರೆ. ರಕ್ಷಣೆಗಾಗಿ ಅರಿತ ವಿದ್ಯೆಯು ಸೌಂದರ್ಯಕ್ಕೂ ಒದಗಿತು.

ದೊಡ್ಡ ಕಟ್ಟಡಗಳನ್ನು ಮಣ್ಣು ಮರಗಳ ಹಿಂದೆ ಅಡಗಿಸುವ ಈ ಕಲೆಯು ಇಂದಿನ ಕಾಲದಲ್ಲಿಯೂ ಬಳಕೆಯಲ್ಲಿದೆ. ಆದರೆ ಅದರ ಉದ್ದೇಶವು ಬೇರೆಯಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿಯು 1955ರಲ್ಲಿ ಡಿಸ್ನಿಲ್ಯಾಂಡ್ ಎಂಬ ವಿನೋದವನವನ್ನು ತೆರೆದನು. ಅದರ ಸುತ್ತ ಎತ್ತರವಾದ ಮಣ್ಣಿನ ದಿಬ್ಬವನ್ನು ಏರಿಸಿ, ಅದರ ಮೇಲೆ ಗಿಡಮರಗಳನ್ನು ಬೆಳೆಸಿ, ಚಿಕ್ಕದೊಂದು ರೈಲುದಾರಿಯನ್ನು ಹಾಕಿಸಿದನು. ಒಳಗಿರುವವರಿಗೆ ಹೊರಗಿನ ರಸ್ತೆಗಳೂ ಕಟ್ಟಡಗಳೂ ಕಾಣಬಾರದೆಂಬುದು ಅವನ ಅಭಿಲಾಷೆ. ಮುಂದೆ 1967 ಮತ್ತು 1969ರಲ್ಲಿ ಕಡಲ್ಗಳ್ಳರ ಮತ್ತು ಭೂತದ ಮನೆಯ ಆಟಗಳನ್ನು ಅಲ್ಲಿ ಸೇರಿಸಿದಾಗ, ಅವಕ್ಕೆ ಬೇಕಾದ ಭಾರಿ ಕಟ್ಟಡಗಳಿಗೆ ಒಳಗೆ ಸ್ಥಳವಿರಲಿಲ್ಲ. ಆದುದರಿಂದ ಅವನ್ನು ದಿಬ್ಬದ ಆಚೆ ಕಟ್ಟಿ, ಪ್ರೇಕ್ಷಕರನ್ನು ರೈಲುದಾರಿಯ ಅಡಿಯಿಂದ ಅಲ್ಲಿಗೆ ಸಾಗಿಸುವ ಏರ್ಪಾಡನ್ನು ಮಾಡಲಾಯಿತು. ಭೂತದ ಮನೆಗೆ ಹೋದವರಿಗೆ ಹೊರಗೆ ಒಂದು ಸಾಮಾನ್ಯ ಗಾತ್ರದ ಮನೆ ಮಾತ್ರ ಕಾಣುತ್ತದೆ. ತಾವು ನೆಲದ ಕೆಳಗಿಳಿದು ದಿಬ್ಬವನ್ನು ದಾಟಿ, ಇನ್ನೊಂದು ದೊಡ್ಡ ಕಟ್ಟಡವನ್ನು ಸೇರಿದ್ದೇವೆಂಬುದು ಅವರ ಅರಿವಿಗೆ ಬರುವುದಿಲ್ಲ. ವಿನೋದವನದ ಮರೆಯು ನೋಡುವವರ ಸಂತೋಷಕ್ಕಾಗಿ. ಬಿದನೂರಿನ ಮರೆಯಾದರೋ ಒಂದು ರಾಜ್ಯದ ಉಳಿವಿಗಾಗಿ. ಉದ್ದೇಶ ಬೇರೆಯಾದರೂ ಎರಡರ ಹಿಂದಿರುವ ದೃಷ್ಟಿಶಾಸ್ತ್ರವು ಒಂದೇ.

ಮರೆಯ ರಾಜಧಾನಿಯಲ್ಲಿದ್ದರೂ ಶಿವಪ್ಪನಾಯಕನು ಅಡಗಿ ಕುಳಿತವನಲ್ಲ. ಪಶ್ಚಿಮ ಕರಾವಳಿಯ ವ್ಯಾಪಾರವನ್ನು ಹಿಡಿತದಲ್ಲಿರಿಸಿಕೊಳ್ಳಲು ಪೋರ್ಚುಗೀಸರು ಅಲ್ಲಲ್ಲಿ ಕೋಟೆಗಳನ್ನು ಕಟ್ಟಿಕೊಂಡಿದ್ದರು. ಮಲೆನಾಡಿನ ಮೆಣಸು ಮತ್ತು ಕರಾವಳಿಯ ಅಕ್ಕಿ ಅವರ ಮುಖ್ಯ ವ್ಯಾಪಾರದ ವಸ್ತುಗಳು. 1652ರಿಂದ 1654ರವರೆಗಿನ ಅವಧಿಯಲ್ಲಿ ಶಿವಪ್ಪನಾಯಕನು ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳಲ್ಲಿದ್ದ ಅವರ ನೆಲೆಗಳನ್ನು ಗೆದ್ದುಕೊಂಡನು. ಸಮುದ್ರಗಳ ಮೇಲೆ ಅಧಿಕಾರ ನಡೆಸುತ್ತಿದ್ದ ಯೂರೋಪಿನ ಶಕ್ತಿಯೊಂದನ್ನು ಕನ್ನಡದ ಅರಸನೊಬ್ಬನು ತನ್ನ ಕರಾವಳಿಯಿಂದ ಹೊರದೂಡಿದುದು ಸಾಮಾನ್ಯವಾದ ಸಾಧನೆಯಲ್ಲ. ವಿಜಯನಗರದ ಕೊನೆಯ ಅರಸನಾದ ಶ್ರೀರಂಗರಾಯನು ರಾಜ್ಯವನ್ನು ಕಳೆದುಕೊಂಡು ಬಂದಾಗ ಅವನಿಗೆ ಆಶ್ರಯವಿತ್ತು, ಬೇಲೂರು ಸಕ್ಕರೆಪಟ್ಟಣಗಳ ಪ್ರದೇಶದಲ್ಲಿ ನೆಲೆಗೊಳಿಸಿದನು. ಅವನ ಪರವಾಗಿ ಶ್ರೀರಂಗಪಟ್ಟಣದವರೆಗೂ ದಂಡೆತ್ತಿ ಹೋದನು. ಆ ಕೋಟೆಯು ಕೈವಶವಾಗದಿದ್ದರೂ ಹಳೆಯ ಒಡೆಯನ ವಂಶಕ್ಕೆ ತೋರಿದ ನಿಷ್ಠೆಯು ಅವನಿಗೆ ಗೌರವವನ್ನು ತಂದಿತು.

ಯುದ್ಧಗಳಿಗಿಂತಲೂ ಹೆಚ್ಚಾಗಿ ಶಿವಪ್ಪನಾಯಕನ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿದುದು ಅವನು ಜಾರಿಗೆ ತಂದ ಕಂದಾಯದ ಕ್ರಮ. ಅದು ಶಿಸ್ತು ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಒಬ್ಬ ರೈತನ ಹೊಲದಲ್ಲಿ ಎಷ್ಟು ಬೆಳೆಯುತ್ತದೆ, ಅದರಲ್ಲಿ ಸರ್ಕಾರಕ್ಕೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆಗೆ ಹಿಂದೆ ಅಧಿಕಾರಿಯ ಅಂದಾಜೇ ಉತ್ತರವಾಗಿರುತ್ತಿತ್ತು. ಅಂದಾಜು ಇದ್ದಲ್ಲಿ ಅನ್ಯಾಯಕ್ಕೂ ಅವಕಾಶವಿರುತ್ತದೆ. ಶಿವಪ್ಪನಾಯಕನು ಅಂದಾಜನ್ನು ಬಿಟ್ಟು ಪ್ರಯೋಗಕ್ಕೆ ಕೈಹಾಕಿದನು. ಪ್ರತಿಯೊಂದು ಗ್ರಾಮದಲ್ಲಿಯೂ ಬಗೆಬಗೆಯ ಮಣ್ಣಿನ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ಸರ್ಕಾರದ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಹನ್ನೆರಡು ವರ್ಷಗಳ ಕಾಲ ಒಂದೇ ಸಮನೆ ಬರೆಯಿಸಿದನು. ಒಳ್ಳೆಯ ಮಳೆಯ ವರ್ಷವೂ ಕೆಟ್ಟ ಮಳೆಯ ವರ್ಷವೂ ಆ ಲೆಕ್ಕದಲ್ಲಿ ಸೇರಿದುವು. ಆಮೇಲೆ ಅವುಗಳ ಸರಾಸರಿಯನ್ನು ತೆಗೆದು, ಮೂರರಲ್ಲಿ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿ ಮಾಡಿದನು.

ಅಡಕೆಯ ತೋಟಗಳಿಗೆ ಬೇರೆಯ ಕ್ರಮವಿತ್ತು. ತೋಟವನ್ನು ಅಳೆಯುವುದಕ್ಕೆ ಒಂದು ಕೋಲು ಬೇಕು. ಆ ಕೋಲಿನ ಉದ್ದವನ್ನು ಅಧಿಕಾರಿಯು ತನಗೆ ಬೇಕಾದಂತೆ ಹೆಚ್ಚುಕಡಿಮೆ ಮಾಡಿದರೆ ರೈತನ ಗತಿಯೇನು? ಅದಕ್ಕಾಗಿ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವೇ ಅಳತೆಯ ಕೋಲಿಗೆ ಪ್ರಮಾಣವಾಯಿತು. ಅದು ಸುಮಾರು 18 ಅಡಿಗಳಷ್ಟು ಉದ್ದವಾಗಿತ್ತು. ದೇವಾಲಯಕ್ಕೆ ಬಂದ ಯಾರಾದರೂ ತಮ್ಮೂರಿನ ಕೋಲನ್ನು ಆ ಕಲ್ಲಿನ ಪಕ್ಕದಲ್ಲಿಟ್ಟು ಸರಿನೋಡಬಹುದಾಗಿತ್ತು. ಮರದ ಕೋಲು ಸವೆಯಬಹುದು, ಕಲ್ಲಿನ ಮೆಟ್ಟಿಲು ಸುಳ್ಳಾಡುವುದಿಲ್ಲ. ಅರಮನೆಯನ್ನು ಕಾಡಿನ ಮರೆಯಲ್ಲಿರಿಸಿದ ಅರಸುಮನೆತನವು ಅಳತೆಗೋಲನ್ನು ಎಲ್ಲರೂ ಬಂದು ನೋಡುವ ಸ್ಥಳದಲ್ಲಿರಿಸಿತು! ಶಿವಪ್ಪನಾಯಕನ ಬಲವು ಕಾಡಿನಲ್ಲಿ ಎಷ್ಟಿತ್ತೋ ಈ ನ್ಯಾಯದಲ್ಲಿಯೂ ಅಷ್ಟೇ ಇತ್ತು. ಏಕೆಂದರೆ ಕಾಡಿನ ಹಾದಿಗಳೆಲ್ಲ ಅರಸನಿಗಿಂತ ಚೆನ್ನಾಗಿ ಗೊತ್ತಿದ್ದುದು ಅಲ್ಲಿನ ಜನರಿಗೆ. ಸೊಪ್ಪು ತರುವವನು, ದನ ಮೇಯಿಸುವವನು, ಮೆಣಸಿನ ಹೇರನ್ನು ಹೊತ್ತು ಘಟ್ಟವಿಳಿಯುವವನು, ಇವರೆಲ್ಲ ಪ್ರತಿಯೊಂದು ಕಾಲುದಾರಿಯನ್ನೂ ಬಲ್ಲವರು. ಅವರು ತೃಪ್ತರಾಗಿದ್ದರೆ ಮಾತ್ರ ಮರೆಯು ಮರೆಯಾಗಿ ಉಳಿಯುತ್ತದೆ.

ಇಂತಹ ಆಡಳಿತದಲ್ಲಿ ಬಿದನೂರು ಶೀಘ್ರವಾಗಿ ಬೆಳೆಯಿತು. ಹೊಸಂಗಡಿಯ ಘಟ್ಟದ ಮೂಲಕ ಕರಾವಳಿಯ ವ್ಯಾಪಾರವು ಇಲ್ಲಿಗೆ ಹರಿದು ಬಂದಿತು. ಶತ್ರುಗಳಿಗೆ ಕಾಣದ ಊರು ವರ್ತಕರಿಗೆ ಸುಪರಿಚಿತವಾಗಿತ್ತು. ಲಕ್ಷ ಮನೆಗಳಾದರೆ ಅದು ನಗರವೆನಿಸುತ್ತದೆಂದೂ, ಬಿದನೂರು ಆ ಎಣಿಕೆಯ ಹತ್ತಿರಕ್ಕೆ ಬಂದಿತ್ತೆಂದೂ ಜನರು ಹೇಳಿಕೊಳ್ಳುತ್ತಿದ್ದರು. ಇದು ಅತಿಶಯೋಕ್ತಿಯೇ ಸರಿ. ಆದರೂ ಬಿದಿರಿನ ಹಳ್ಳಿಯೊಂದು ಎಷ್ಟರಮಟ್ಟಿಗೆ ಜನರ ಬೆರಗಿಗೆ ಪಾತ್ರವಾಗಿತ್ತೆಂಬುದನ್ನು ಇದರಿಂದ ಊಹಿಸಬಹುದು.

1660ರಲ್ಲಿ ಶಿವಪ್ಪನಾಯಕನು ಕಾಲವಾದನು. ಅವನು ಬಲಪಡಿಸಿದ ರಾಜಧಾನಿಯು ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಅವನ ವಂಶದವರನ್ನು ಕಾಪಾಡಿತು. 1672ರಿಂದ 1697ರವರೆಗೆ ಆಳಿದ ಅವನ ಸೊಸೆ ಚೆನ್ನಮ್ಮಾಜಿಯು ಕನ್ನಡ ನಾಡಿನ ವೀರರಾಣಿಯರಲ್ಲಿ ಒಬ್ಬಳು. 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುತ್ತಿದ್ದಾಗ, ಅವಳು ಅವನಿಗೆ ಆಶ್ರಯವನ್ನಿತ್ತು ಮುಂದೆ ಕಳುಹಿಸಿಕೊಟ್ಟಳು. ಇದರಿಂದ ಕೆರಳಿದ ಔರಂಗಜೇಬನ ಸೈನ್ಯವು ಬಿದನೂರು ರಾಜ್ಯದ ಮೇಲೆ ಏರಿಬಂದಿತು. ಬಯಲಿನಲ್ಲಿ ಸೋಲರಿಯದ ಆ ಸೈನ್ಯಕ್ಕೆ ಮಲೆನಾಡಿನ ಕಾಡು ಎದುರಾಯಿತು. ಎಲ್ಲಿಂದ ಬಾಣ ಬರುತ್ತದೆ, ಎಲ್ಲಿಂದ ಗುಂಡು ಬರುತ್ತದೆ ಎಂಬುದು ತಿಳಿಯದೆ ಸೈನಿಕರು ಕಂಗೆಟ್ಟರು. ಕೊನೆಗೆ ಸಂಧಿಯಾಗಿ ರಾಜ್ಯವು ಉಳಿಯಿತು. ಹಿರಿಯರು ಬೆಳೆಯಗೊಟ್ಟ ಕಾಡು ಕಿರಿಯರ ಕೈಯಲ್ಲಿ ಆಯುಧವಾಯಿತು.

ಆದರೆ ಈ ಕತೆಗೆ ಇನ್ನೊಂದು ಮುಖವೂ ಇದೆ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಅರಮನೆಯೊಳಗೆ ಪಟ್ಟಕ್ಕಾಗಿ ಒಳಜಗಳಗಳು ಹುಟ್ಟಿಕೊಂಡುವು. ವೀರಮ್ಮಾಜಿಯು ರಾಣಿಯಾಗಿದ್ದ ಕಾಲದಲ್ಲಿ, 1763ರಲ್ಲಿ, ಹೈದರಾಲಿಯು ಬಿದನೂರಿನ ಮೇಲೆ ದಂಡೆತ್ತಿ ಬಂದನು. ರಾಜ್ಯದ ಮಂತ್ರಿಯಾಗಿದ್ದ ಲಿಂಗಣ್ಣನೆಂಬಾತನು ಆಗ ಕುಂಸಿಯಲ್ಲಿ ಸೆರೆಯಲ್ಲಿದ್ದನು. ಹೈದರಾಲಿಯ ಕೈಗೆ ಸಿಕ್ಕಿದ ಅವನು, ಕಾಡಿನ ನಡುವೆ ನಗರಕ್ಕೆ ಹೋಗುವ ಗುಪ್ತವಾದ ಹಾದಿಯೊಂದನ್ನು ತೋರಿಸಿಕೊಟ್ಟನು. ಹೈದರಾಲಿಯು ಸೈನ್ಯದ ಒಂದು ಭಾಗವನ್ನು ಕೋಟೆಯ ಮುಂದಿನ ಬಾಗಿಲುಗಳ ಕಡೆಗೆ ಕಳುಹಿಸಿ, ಅಲ್ಲಿ ದೊಡ್ಡ ಆಕ್ರಮಣ ನಡೆಯುತ್ತಿರುವಂತೆ ತೋರಿಸಿದನು. ಕಾವಲಿನವರ ಲಕ್ಷ್ಯವೆಲ್ಲ ಅತ್ತ ನೆಟ್ಟಿರುವಾಗ, ತಾನು ಗುಪ್ತಮಾರ್ಗದಿಂದ ನಗರವನ್ನು ಹೊಕ್ಕನು. ಜನರು ಕಾಡಿಗೆ ಓಡಿದರು. ಅರಮನೆಗೆ ಬೆಂಕಿಯಿಟ್ಟು ರಾಣಿಯು ಬಲ್ಲಾಳರಾಯನ ದುರ್ಗದ ಕಡೆಗೆ ತಪ್ಪಿಸಿಕೊಂಡು ಹೋದಳು. ಆದರೆ ಅಲ್ಲಿ ಸೆರೆಸಿಕ್ಕಿದಳು. ಬಿದನೂರಿಗೆ ಹೈದರ್ ನಗರವೆಂಬ ಹೊಸ ಹೆಸರಾಯಿತು. ಕಾಲಾನಂತರದಲ್ಲಿ ಅದರ ಮೊದಲ ಭಾಗ ಉದುರಿ, ನಗರವೆಂಬುದಷ್ಟೇ ಉಳಿಯಿತು.

ಸಾವಿರಾರು ಸೈನಿಕರಿಗೆ ಬಗ್ಗದ ಕಾಡು ಒಬ್ಬ ಮನುಷ್ಯನ ಬೆರಳಿಗೆ ಬಗ್ಗಿತು. ಬಿದಿರಿನಲ್ಲಿ ಕೊರತೆಯಿರಲಿಲ್ಲ, ಗುಡ್ಡಗಳು ಜರುಗಿರಲಿಲ್ಲ, ಕಣಿವೆಗಳು ಅಗಲವಾಗಿರಲಿಲ್ಲ. ಕಡಿದುಹೋಗಿದ್ದುದು ಒಳಗಿನವರ ಪರಸ್ಪರ ವಿಶ್ವಾಸ. ಕಣ್ಣಿಗೆ ಕಟ್ಟಿದ ಮರೆಯನ್ನು ತಿಳಿದವನ ಮಾತು ಕ್ಷಣದಲ್ಲಿ ಸರಿಸಬಲ್ಲದು. ನ್ಯಾಯವೆಂಬ ಬೇಲಿಯು ಒಳಗಿನಿಂದ ಗಟ್ಟಿಯಾಗಿದ್ದ ಕಾಲದಲ್ಲಿ ಹೊರಗಿನ ಬೇಲಿಯೂ ಗಟ್ಟಿಯಾಗಿತ್ತು. ಒಳಬೇಲಿಯು ಶಿಥಿಲವಾದಾಗ ಹೊರಬೇಲಿಯು ಇದ್ದೂ ಇಲ್ಲದಂತಾಯಿತು.

ಜೀವಂತವಾದ ಗೋಡೆಗೆ ಇನ್ನೂ ಒಂದು ಸ್ವಭಾವವಿದೆ. ಕಲ್ಲಿನ ಗೋಡೆಯನ್ನು ಒಮ್ಮೆ ಕಟ್ಟಿದರೆ ಬಹುಕಾಲ ನಿಲ್ಲುತ್ತದೆ. ಬಿದಿರಿನ ಗೋಡೆಯನ್ನು ಪ್ರತಿಯೊಂದು ತಲೆಮಾರೂ ನೋಡಿಕೊಳ್ಳಬೇಕು. ಮುಳ್ಳುಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬಿದಿರಕ್ಕಿಯನ್ನು ಚೆಲ್ಲಿ, ಒಟ್ಟಾಗಿಯೇ ಒಣಗಿಹೋಗುತ್ತದೆ. ಬಿದ್ದ ಅಕ್ಕಿಯಿಂದ ಹೊಸ ಮೊಳಕೆಗಳು ಎದ್ದು ಮೆಳೆಯಾಗುವವರೆಗೆ ಅವನ್ನು ದನಕರುಗಳಿಂದಲೂ ಬೆಂಕಿಯಿಂದಲೂ ಕಾಪಾಡಬೇಕು. ರಾಜ್ಯವಾಗಲಿ ಊರಾಗಲಿ ಇದೇ ಬಗೆಯದು. ಹಿಂದಿನವರು ನೆಟ್ಟುದನ್ನು ಇಂದಿನವರು ಕಾಯದಿದ್ದರೆ ನಾಳಿನವರಿಗೆ ನೆರಳಿಲ್ಲ.

ಇಂದು ಕೆಳದಿ ಇಕ್ಕೇರಿಗಳ ದೇವಾಲಯಗಳು, ನಗರದ ಕೋಟೆ, ಕವಲೇದುರ್ಗದ ಬಾಗಿಲುಗಳು ಆ ಹಳೆಯ ಕಾಲವನ್ನು ನೆನಪಿಗೆ ತರುತ್ತಿವೆ. ಒಂದು ಕಾಲಕ್ಕೆ ಅರಸರ ಇಚ್ಛೆಗೆ ಒಳಗಾಗಿ ಕೋಟೆಯನ್ನು ಮುಚ್ಚಿದ ಕಾಡು, ಈಗ ತನ್ನ ಇಚ್ಛೆಯಿಂದಲೇ ಅದರ ಕಲ್ಲುಗಳ ನಡುವೆ ಬೇರುಬಿಟ್ಟಿದೆ. ಅಲ್ಲಿಗೆ ಹೋಗುವ ನಾವು ಗೋಡೆಗಳ ಎತ್ತರವನ್ನು ಮಾತ್ರ ನೋಡಿ ಹಿಂದಿರುಗಬಾರದು. ಆ ಗೋಡೆಗಳು ದೂರದಿಂದ ಏಕೆ ಕಾಣಲಿಲ್ಲವೆಂಬುದನ್ನೂ ಯೋಚಿಸಬೇಕು. ಹಾಗೆಯೇ ಇಕ್ಕೇರಿಯ ದೇವಾಲಯದ ಮೆಟ್ಟಿಲಿನ ಮೇಲೆ ಕಾಲಿಡುವಾಗ, ಒಂದು ನಾಡಿನ ತೋಟಗಳೆಲ್ಲ ಈ ಕಲ್ಲಿನ ಅಳತೆಗೆ ಒಳಪಟ್ಟಿದ್ದುವೆಂಬುದನ್ನು ನೆನೆಯಬೇಕು. ಶತ್ರುವಿನ ಮುಂದೆ ಮರೆ, ಪ್ರಜೆಯ ಮುಂದೆ ತೆರೆದ ಲೆಕ್ಕ, ಇವೆರಡನ್ನೂ ಬಲ್ಲವನಾಗಿದ್ದುದರಿಂದಲೇ ಶಿವಪ್ಪನಾಯಕನ ಹೆಸರು ಮಲೆನಾಡಿನ ಜನರ ನೆನಪಿನಲ್ಲಿ ಇಂದಿಗೂ ಹಸುರಾಗಿ ಉಳಿದಿದೆ.